ಮೀಸಲು ನೀರು ಮತ್ತು ಮೀನುಗಾರರ ಬದುಕು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶ್ರೀರಂಗಪಟ್ಟಣ ತಾಲ್ಲೂಕಿನ ಗಂಗಾಮತಸ್ಥರ ಮನೆಯವನು. ತಾತ, ಅಪ್ಪ ಇಬ್ಬರೂ ಕಾವೇರಿಯಲ್ಲಿ ಹರಿಗೋಲು ಹಾಕಿ ಬದುಕಿದವರು. ನಾನು ಮೈಸೂರಿನಲ್ಲಿ ಜೀವಶಾಸ್ತ್ರದ ಪಾಠ ಹೇಳುತ್ತೇನೆ. ಕಡಲ ಸಂರಕ್ಷಣೆಯ ಪಾಠ ಬಂದಾಗ ವಿದ್ಯಾರ್ಥಿಗಳು, ಊರಿಗೆ ಹೋದಾಗ ಸಂಘದ ಹಿರಿಯರು, ಭಾನುವಾರ ಮೀನಿನ ಅಂಗಡಿಯ ಮುಂದೆ ಸಿಗುವ ಪರಿಚಿತರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಬರೆದಿದ್ದೇನೆ.

ಮೈಸೂರು, ಮಂಡ್ಯದಲ್ಲಿ ಕಡಲೇ ಇಲ್ಲ. ಇಲ್ಲಿ ಕುಳಿತು ಕಡಲ ಮೀಸಲು ಪ್ರದೇಶದ ಮಾತು ಏಕೆ?

ನಾವು ತಿನ್ನುವ ಬಂಗುಡೆ, ಬೂತಾಯಿ, ಅಂಜಲ್ ಎಲ್ಲ ಕರಾವಳಿಯಿಂದ ಐಸ್ ಪೆಟ್ಟಿಗೆಯಲ್ಲಿ ಘಟ್ಟ ಹತ್ತಿ ಬರುತ್ತವೆ. ಅಲ್ಲಿ ಬಲೆ ಬರಿದಾದರೆ ಇಲ್ಲಿ ಬೆಲೆ ಏರುತ್ತದೆ. ಅದಕ್ಕಿಂತ ದೊಡ್ಡ ಕಾರಣವೊಂದಿದೆ: ಮೀಸಲು ನೀರು, ಅಂದರೆ ಜೀವಿಗಳನ್ನು ಉಳಿಸಲೆಂದು ಕಾನೂನಿನ ಕಟ್ಟುಪಾಡು ಹಾಕಿದ ನೀರು, ನಮ್ಮಲ್ಲೂ ಇದೆ. ರಂಗನತಿಟ್ಟು ಪಕ್ಷಿಧಾಮ 1940ರಷ್ಟು ಹಳೆಯದು. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿ, ಭೀಮೇಶ್ವರಿಯ ಹೊಳೆ 1987ರಲ್ಲಿ ಘೋಷಿಸಿದ ಕಾವೇರಿ ವನ್ಯಜೀವಿಧಾಮದಲ್ಲಿದೆ. ಕಬಿನಿಯ ಹಿನ್ನೀರಿನ ಒಂದು ದಂಡೆ ನಾಗರಹೊಳೆಯ ಕಾಡಿಗೆ ಹತ್ತಿಕೊಂಡಿದೆ. ಹೊನ್ನಾವರದ ನಾಡದೋಣಿಯವನು ಇಂದು ಕೇಳುವುದನ್ನೇ ನನ್ನ ತಾತ ಅಂದು ಕೇಳಿದ್ದರು: ಬಲೆಯನ್ನು ಎಲ್ಲಿ ಬಿಡಬಹುದು, ಎಲ್ಲಿ ಬಿಡಬಾರದು, ಅದನ್ನು ತೀರ್ಮಾನಿಸಿದವರು ಯಾರು?

ಸಂರಕ್ಷಿತ ಕಡಲ ಪ್ರದೇಶ ಎಂದರೆ ಅಲ್ಲಿ ಮೀನು ಹಿಡಿಯುವಂತೆಯೇ ಇಲ್ಲವೇ?

ಎಲ್ಲ ಕಡೆಯೂ ಹಾಗಿಲ್ಲ. ಹೆಸರು ಒಂದೇ ಆದರೂ ನಿಯಮಗಳು ಬಹಳ ಬೇರೆ ಬೇರೆ. ಕೆಲವು ಜಾಗಗಳಲ್ಲಿ ಗಾಳ ಹಾಕುವುದೂ ಅಪರಾಧ. ಕೆಲವು ಕಡೆ ತಳವನ್ನು ಗುಡಿಸಿಕೊಂಡು ಹೋಗುವ ಟ್ರಾಲರ್ ಬಲೆಗೆ ಮಾತ್ರ ತಡೆ, ಕೈಬಲೆಗೆ ಅವಕಾಶ. ಇನ್ನು ಕೆಲವು ಕಡೆ ಮೊಟ್ಟೆಯಿಡುವ ತಿಂಗಳುಗಳಲ್ಲಷ್ಟೇ ಬಾಗಿಲು ಮುಚ್ಚುತ್ತದೆ. ನಮ್ಮ ದೇಶದಲ್ಲಿ ಕಡಲ ರಾಷ್ಟ್ರೀಯ ಉದ್ಯಾನಗಳೂ ಅಭಯಾರಣ್ಯಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಬರುತ್ತವೆ. ಆ ಕಾಯ್ದೆ ಹುಟ್ಟಿದ್ದು ಕಾಡನ್ನು ಮನಸ್ಸಿನಲ್ಲಿಟ್ಟುಕೊಂಡು. ಕಾಡಿಗೆ ಗಡಿಕಲ್ಲು ನೆಡಬಹುದು. ನೀರಿನ ಮೇಲೆ ಗಡಿ ಎಲ್ಲಿ ಕಾಣುತ್ತದೆ? ಗಾಳಿಗೆ ಸಿಕ್ಕ ಸಣ್ಣ ದೋಣಿಯೊಂದು ಅರಿಯದೆ ಒಳಗೆ ಹೋಗುವುದೂ, ದೊಡ್ಡ ದೋಣಿಯೊಂದು ಅರಿತೇ ಒಳಗೆ ಹೋಗುವುದೂ ಕಾಗದದ ಮೇಲೆ ಒಂದೇ ಅಪರಾಧವಾಗಿಬಿಡುತ್ತದೆ.

ಮಳೆಗಾಲದಲ್ಲಿ ಮೀನುಗಾರಿಕೆ ನಿಲ್ಲಿಸುತ್ತಾರಲ್ಲ, ಅದೂ ಇದೇ ತಾನೇ?

ಅಲ್ಲ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧ ಇಡೀ ಕರಾವಳಿಗೆ, ಮುಖ್ಯವಾಗಿ ಯಾಂತ್ರೀಕೃತ ದೋಣಿಗಳಿಗೆ ಅನ್ವಯಿಸುತ್ತದೆ. ಅದು ಕಾಲದ ಮೇಲಿನ ಬೇಲಿ, ಮೀಸಲು ಪ್ರದೇಶ ಜಾಗದ ಮೇಲಿನ ಬೇಲಿ. ಕಾಲದ ಬೇಲಿಯನ್ನು ನಮ್ಮ ಹಿರಿಯರು ಬಲ್ಲರು. ಹೊಸ ನೀರು ಬಂದಾಗ ಮೀನು ಏರಿ ಮೊಟ್ಟೆ ಇಡುತ್ತದೆ ಎಂಬುದು ಹೊಳೆಯ ಬದಿಯಲ್ಲಿ ಬೆಳೆದ ಯಾವ ಮಗುವಿಗೂ ಹೇಳಿಕೊಡಬೇಕಾದ ಪಾಠವಲ್ಲ.

ಒಂದು ಜಾಗವನ್ನು ಮುಚ್ಚಿದರೆ ನಿಜಕ್ಕೂ ಮೀನು ಹೆಚ್ಚುತ್ತದೆಯೇ?

ಸರಿಯಾಗಿ ಕಾದರೆ ಹೆಚ್ಚುತ್ತದೆ. ಮೆಕ್ಸಿಕೋದ ಕಾಬೊ ಪುಲ್ಮೋ ಎಂಬ ಮೀನುಗಾರರ ಊರಿನ ಮುಂದಿನ ಕಡಲನ್ನು 1995ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಊರಿನವರೇ ಕಾವಲು ಕಾದರು. 1999ರಿಂದ 2009ರ ನಡುವೆ ಅಲ್ಲಿನ ಮೀನಿನ ಒಟ್ಟು ತೂಕ ಶೇಕಡಾ 463ರಷ್ಟು ಏರಿತು.

ಇದರ ಹಿಂದಿರುವುದು ತಾಯಿಮೀನಿನ ಲೆಕ್ಕ. ಕೆಂಪು ಸ್ನ್ಯಾಪರ್ ಎಂಬ ಜಾತಿಯಲ್ಲಿ 61 ಸೆಂಟಿಮೀಟರ್ ಉದ್ದದ ಒಂದೇ ಒಂದು ಹೆಣ್ಣು ಇಡುವಷ್ಟು ಮೊಟ್ಟೆ ಇಡಲು 42 ಸೆಂಟಿಮೀಟರ್ ಉದ್ದದ 212 ಹೆಣ್ಣುಗಳು ಬೇಕು. ಎಲ್ಲ ಕಡೆ ಬಲೆ ಬಿದ್ದಾಗ ಮೊದಲು ಮಾಯವಾಗುವುದೇ ಈ ದೊಡ್ಡ ತಾಯಂದಿರು. ಅವು ಬದುಕುವ ಒಂದು ಮಡು ಉಳಿದರೆ ಮರಿಗಳು ಹರಿವಿನ ಜೊತೆ ಹೊರಗೆ ಬರುತ್ತವೆ, ಗಡಿಯ ಆಚೆ ಬಲೆ ಬಿಟ್ಟವನಿಗೆ ಸಿಗುತ್ತವೆ.

ಆದರೆ ಎಲ್ಲ ಮೀನಿಗೂ ಈ ಮಾತು ಒಪ್ಪುವುದಿಲ್ಲ. ಬಂಡೆ, ಹವಳದ ನಡುವೆ ಮನೆ ಮಾಡಿಕೊಂಡು ಅಲ್ಲೇ ಇರುವ ಜಾತಿಗಳಿಗೆ ಸಣ್ಣ ಮೀಸಲು ಸಾಕು. ಹಿಂಡು ಕಟ್ಟಿಕೊಂಡು ಕರಾವಳಿಯುದ್ದಕ್ಕೂ ಅಲೆಯುವ ಬೂತಾಯಿಗೆ ಒಂದು ತುಂಡು ಕಡಲನ್ನು ಮುಚ್ಚಿದರೆ ಆಗುವ ಉಪಕಾರ ಕಡಿಮೆ. ಅದಕ್ಕೆ ಬಲೆಯ ಕಣ್ಣಿನ ಅಳತೆ, ದೋಣಿಗಳ ಸಂಖ್ಯೆ, ಹಿಡಿಯುವ ತಿಂಗಳು ಮುಖ್ಯ. ನಕ್ಷೆಯ ಮೇಲೆ ಗೆರೆ ಎಳೆದ ಮಾತ್ರಕ್ಕೆ ಮೀನು ತುಂಬುತ್ತದೆ ಎಂದು ಯಾರಾದರೂ ಹೇಳಿದರೆ, ಯಾವ ಮೀನು ಎಂದು ಮೊದಲು ಕೇಳಿ.

ಇಷ್ಟು ಒಳ್ಳೆಯದಾದರೆ ಮೀನುಗಾರರು ಏಕೆ ವಿರೋಧಿಸುತ್ತಾರೆ?

ನನಗೆ ಅತಿ ಹೆಚ್ಚು ಬಾರಿ ಎದುರಾಗುವ ಪ್ರಶ್ನೆ ಇದು. ಕೇಳುವವರ ದನಿಯಲ್ಲಿ ಮೀನುಗಾರರಿಗೆ ತಿಳಿವಳಿಕೆ ಸಾಲದು ಎಂಬ ಭಾವ ಇರುತ್ತದೆ. ತಿಳಿವಳಿಕೆಗೆ ಕೊರತೆಯಿಲ್ಲ. ನಷ್ಟ ಬರುವ ದಿನ ಬೇರೆ, ಲಾಭ ಬರುವ ದಿನ ಬೇರೆ.

ಜಾಗ ಮುಚ್ಚಿದ ಮರುದಿನವೇ ಒಂದು ಮನೆಗೆ ಅದರ ಬಿಸಿ ತಟ್ಟುತ್ತದೆ. ಮೀನು ಹೆಚ್ಚುವುದು ಐದು ವರ್ಷಕ್ಕೋ ಹತ್ತು ವರ್ಷಕ್ಕೋ. ಆ ನಡುವಿನ ಕಾಲವನ್ನು ಯಾರು ಹೊರಬೇಕು? ದೊಡ್ಡ ದೋಣಿಯವನು ಇನ್ನೂ ಆಳಕ್ಕೆ ಹೋಗುತ್ತಾನೆ. ದಡದಿಂದ ಎರಡು ಮೈಲಿ ದಾಟಲಾರದ ನಾಡದೋಣಿಯವನಿಗೆ ಬೇರೆ ಕಡಲು ಇಲ್ಲ. ಹತ್ತು ವರ್ಷದ ನಂತರ ಮೀನು ಹೆಚ್ಚಿದಾಗ ಅದನ್ನು ಹಿಡಿಯುವವನು ಅವನೇ ಆಗಿರುತ್ತಾನೆ ಎಂಬ ಖಾತರಿಯೂ ಇಲ್ಲ. ಅಷ್ಟರಲ್ಲಿ ಅವನು ಬಲೆ ಮಾರಿ ಗಾರೆ ಕೆಲಸಕ್ಕೆ ಹೋಗಿರುತ್ತಾನೆ.

ನಾನು ಏಳನೆಯ ತರಗತಿಯಲ್ಲಿದ್ದಾಗ ಅಪ್ಪ ಎಂದಿನಂತೆ ಬೆಳಗಿನ ಜಾವ ಹೊಳೆಗೆ ಹೋದರು. ದಂಡೆಯಲ್ಲಿ, ಹಕ್ಕಿಗಳಿಗಾಗಿ ಮೀಸಲಿಟ್ಟ ನೀರಿನಲ್ಲಿ ಬಲೆ ಬಿಡಬಾರದೆಂಬ ಹೊಸ ಫಲಕ ನೆಟ್ಟಿದ್ದರು. ಅದು ಇಂಗ್ಲಿಷಿನಲ್ಲಿತ್ತು. ಅಪ್ಪನಿಗೆ ಕನ್ನಡದ ಓದೇ ಕಷ್ಟ. ಸಂಜೆಯ ಹೊತ್ತಿಗೆ ಅವರ ಬಲೆ ಒಂದು ಕಚೇರಿಯ ಮೂಲೆಯಲ್ಲಿ ಬಿದ್ದಿತ್ತು. ಆ ಬಲೆಯ ನೂಲಿಗೆ ಮೀನಿನ ವ್ಯಾಪಾರಿಯಿಂದ ಮುಂಗಡ ತಂದಿದ್ದರು. ಹಿಡಿದ ಮೀನನ್ನೆಲ್ಲ ಅವನಿಗೇ ಕೊಟ್ಟು ತೀರಿಸಬೇಕೆಂಬ ಮಾತು. ಬಲೆ ಹೋಯಿತು, ಮುಂಗಡ ಉಳಿಯಿತು. ಆ ವರ್ಷ ಅಕ್ಕ ಶಾಲೆ ಬಿಟ್ಟಳು. ಅಪ್ಪ ಹಕ್ಕಿಗಳನ್ನು ದ್ವೇಷಿಸಿದವರಲ್ಲ. ಬೆಳ್ಳಕ್ಕಿ ಮೀನು ಹಿಡಿಯುವುದನ್ನು ನೋಡುತ್ತ ನಿಂತುಬಿಡುತ್ತಿದ್ದರು. ಅವರು ಕಡೆಯವರೆಗೂ ಹೇಳುತ್ತಿದ್ದುದು ಒಂದೇ ಮಾತು: "ಮುಂಚೆಯೇ ಒಂದು ಮಾತು ಹೇಳಿದ್ದರೆ ನಾನೇ ಬಲೆ ಎತ್ತಿಕೊಳ್ಳುತ್ತಿದ್ದೆ."

ಸಂರಕ್ಷಣೆ ಬೇಡ ಎಂದು ನಾನು ಹೇಳುತ್ತಿಲ್ಲ. ಬೇಕೇ ಬೇಕು. ಕಾಯುವ ಕಾಲದ ಹೊರೆಯನ್ನು ಅತ್ಯಂತ ಬಡವನ ಹೆಗಲಿಗೆ ಹಾಕಿ, ಅವನು ನರಳಿದರೆ ಅವನನ್ನೇ ಪ್ರಕೃತಿಯ ಶತ್ರು ಎನ್ನುವುದು ಅನ್ಯಾಯ.

ಹೆಂಗಸರ ಮೇಲೆ ಏನು ಪರಿಣಾಮ?

ದೋಣಿಯಲ್ಲಿ ಹೋಗುವವನನ್ನು ಮಾತ್ರ ಮೀನುಗಾರ ಎಂದು ಎಣಿಸಿದರೆ ಅರ್ಧ ಲೆಕ್ಕ ತಪ್ಪುತ್ತದೆ. ಮೀನು ಮಾರುವವರು, ಒಣಗಿಸುವವರು, ಚಿಪ್ಪು ಆಯುವವರು ಹೆಚ್ಚಾಗಿ ಹೆಂಗಸರು. ನಮ್ಮ ಮನೆಯಲ್ಲೂ ಮಂಕರಿ ಹೊತ್ತು ಊರೂರು ತಿರುಗಿ ಮಾರಿದವಳು ಅವ್ವ. ಅವರ ಹೆಸರು ಯಾವ ಪರವಾನಗಿಯಲ್ಲೂ ಇರುವುದಿಲ್ಲ. ಆದ್ದರಿಂದ ಪರಿಹಾರದ ಪಟ್ಟಿಯಲ್ಲೂ ಬರುವುದಿಲ್ಲ.

ತಮಿಳುನಾಡಿನ ಮನ್ನಾರ್ ಕೊಲ್ಲಿಯ ಕತೆಯನ್ನು ನಾನು ತರಗತಿಯಲ್ಲಿ ತಪ್ಪದೆ ಹೇಳುತ್ತೇನೆ. 1986ರಲ್ಲಿ ಅಲ್ಲಿನ 21 ದ್ವೀಪಗಳನ್ನೂ ಸುತ್ತಲಿನ ನೀರನ್ನೂ ಸೇರಿಸಿ 560 ಚದರ ಕಿಲೋಮೀಟರ್ ಕಡಲನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ರಾಮನಾಥಪುರ ಜಿಲ್ಲೆಯ ಕರಾವಳಿಯ ಹೆಂಗಸರು ತಲೆಮಾರುಗಳಿಂದ ಆ ದ್ವೀಪಗಳ ಸುತ್ತ ಮುಳುಗಿ ಕಡಲ ಪಾಚಿ ಕೀಳುತ್ತಿದ್ದರು. ಬೆರಳಿಗೆ ಬಟ್ಟೆ ಸುತ್ತಿಕೊಂಡು, ಉಸಿರು ಬಿಗಿಹಿಡಿದು ಮಾಡುವ ಕೆಲಸ ಅದು. ಉದ್ಯಾನದ ನಿಯಮ ಬಿಗಿಯಾದಂತೆ ಅವರು ತಮ್ಮದೇ ಕಡಲಿನಲ್ಲಿ ಕಳ್ಳರಾದರು. ಆಗ ಅವರು ಸಂಘ ಕಟ್ಟಿಕೊಂಡು ತಮಗೆ ತಾವೇ ಮಿತಿ ಹಾಕಿಕೊಂಡರು: ತಿಂಗಳಲ್ಲಿ ಕೆಲವೇ ದಿನ ಮಾತ್ರ ಕೀಳುವುದು, ಬೇರು ಉಳಿಸುವುದು, ಹವಳ ಮುಟ್ಟದಿರುವುದು. ಅವರ ಪೈಕಿ ಚಿನ್ನಪಾಲಂನ ಲಕ್ಷ್ಮೀ ಮೂರ್ತಿ ಎಂಬುವರಿಗೆ 2015ರಲ್ಲಿ, ದ್ವೀಪಗಳ ಪರಿಸರ ಕಾಯುವವರಿಗೆ ಕೊಡುವ ಅಂತರರಾಷ್ಟ್ರೀಯ ಸೀಕಾಲಜಿ ಪ್ರಶಸ್ತಿ ಬಂದಿತು. ಕಡಲನ್ನು ಉಳಿಸಿದ್ದಕ್ಕೆ ಪ್ರಪಂಚ ಗೌರವಿಸಿದ ಹೆಂಗಸು ಕಡಲಿನಿಂದಲೇ ಹೊಟ್ಟೆ ಹೊರೆದವಳು.

ಒಡಿಶಾದಲ್ಲಿ ಆಮೆಗಾಗಿ ಮೀನುಗಾರಿಕೆ ನಿಲ್ಲಿಸುತ್ತಾರಂತೆ, ನಿಜವೇ?

ನಿಜ. 1997ರಲ್ಲಿ ಗಹಿರಮಠದ 1,435 ಚದರ ಕಿಲೋಮೀಟರನ್ನು ಕಡಲ ಅಭಯಾರಣ್ಯವೆಂದು ಘೋಷಿಸಿದರು. ಆಲಿವ್ ರಿಡ್ಲೆ ಆಮೆಗಳು ಅಲ್ಲಿ ಲಕ್ಷಗಟ್ಟಲೆ ಬಂದು ಮೊಟ್ಟೆ ಇಡುತ್ತವೆ. ಪ್ರತಿ ವರ್ಷ ನವೆಂಬರ್ 1ರಿಂದ ಮೇ 31ರವರೆಗೆ, ಅಂದರೆ ಏಳು ತಿಂಗಳು, ಧಾಮ್ರಾ, ದೇವಿ, ಋಷಿಕುಲ್ಯಾ ನದಿಮುಖಗಳ ಮುಂದಿನ ಕಡಲಿನಲ್ಲಿ ಮೀನುಗಾರಿಕೆಗೆ ತಡೆ ಇರುತ್ತದೆ.

ಆಮೆ ಸಾಯುವುದು ಹೆಚ್ಚಾಗಿ ಟ್ರಾಲರ್ ಬಲೆಯಲ್ಲಿ ಸಿಕ್ಕಿ, ಮೇಲೆ ಬಂದು ಉಸಿರಾಡಲಾಗದೆ. ಆಮೆಯನ್ನು ಹೊರಗೆ ಬಿಡುವ ಸಾಧನವನ್ನು ಬಲೆಗೆ ಹೊಲಿಯಬಹುದು, ಆದರೆ ಅದರ ಜೊತೆ ಒಂದಿಷ್ಟು ಮೀನೂ ಹೋಗುತ್ತದೆಂದು ಟ್ರಾಲರ್ ಮಾಲೀಕರು ಹಿಂಜರಿಯುತ್ತಾರೆ. ಸರ್ಕಾರ ತಡೆಯ ಕಾಲಕ್ಕೆ ಮೀನುಗಾರ ಕುಟುಂಬಗಳಿಗೆ ಒಂದಿಷ್ಟು ನೆರವು ಕೊಡುತ್ತದೆ. ಏಳು ತಿಂಗಳ ಹಸಿವಿಗೆ ಆ ಮೊತ್ತ ಸಾಲದು ಎಂಬುದು ಅಲ್ಲಿನವರ ಹಳೆಯ ದೂರು.

ಕಾನೂನಿನಲ್ಲಿ ಮೀನುಗಾರರ ಪರವಾಗಿ ಏನೂ ಇಲ್ಲವೇ?

ಇದೆ. ಓದಿ ಹೇಳುವವರು ಕಡಿಮೆ, ಅಷ್ಟೇ.

ವನ್ಯಜೀವಿ ಸಂರಕ್ಷಣಾ ಕಾಯ್ದೆಯ 26ಎ ಕಲಂ ಪ್ರಕಾರ, ಕಡಲಿನ ಭಾಗವನ್ನು ಅಭಯಾರಣ್ಯಕ್ಕೆ ಸೇರಿಸುವಾಗ ಸ್ಥಳೀಯ ಮೀನುಗಾರರ ವೃತ್ತಿಯ ಹಿತವನ್ನು ಕಾಪಾಡಲು ತಕ್ಕ ಕ್ರಮ ಕೈಗೊಂಡ ನಂತರವೇ ಗಡಿ ನಿಗದಿ ಮಾಡಬೇಕು. ಅಭಯಾರಣ್ಯ ಮಾಡುವ ಇಂಗಿತವನ್ನು ಪ್ರಕಟಿಸಿದ ಮೇಲೆ ಆ ಸೂಚನೆಯನ್ನು ಸುತ್ತಲಿನ ಊರುಗಳಲ್ಲಿ ಪ್ರಾದೇಶಿಕ ಭಾಷೆಯಲ್ಲಿ ಸಾರಬೇಕು ಎಂದು 21ನೆಯ ಕಲಂ ಹೇಳುತ್ತದೆ. ಹಕ್ಕು ಇರುವವರು ಎರಡು ತಿಂಗಳೊಳಗೆ ಜಿಲ್ಲಾಧಿಕಾರಿಯ ಮುಂದೆ ಲಿಖಿತವಾಗಿ ಹೇಳಿಕೊಳ್ಳಬಹುದು. ಪ್ರಾದೇಶಿಕ ಭಾಷೆ ಎಂಬ ಆ ಎರಡು ಪದಗಳನ್ನು ಓದಿದ ದಿನ ನನಗೆ ಅಪ್ಪನ ಮುಂದಿದ್ದ ಫಲಕ ನೆನಪಾಗಿ ತುಂಬ ಹೊತ್ತು ಪುಸ್ತಕ ಮುಚ್ಚಿ ಕುಳಿತಿದ್ದೆ.

ಕಾಡಿನೊಳಗಿನ ನೀರಿಗೆ ಇನ್ನೊಂದು ಬಲವಿದೆ. 2006ರ ಅರಣ್ಯ ಹಕ್ಕು ಕಾಯ್ದೆಯು ಮೀನು ಮತ್ತು ಜಲಮೂಲಗಳ ಇತರ ಉತ್ಪನ್ನಗಳ ಮೇಲಿನ ಸಮುದಾಯದ ಹಕ್ಕನ್ನು ಹೆಸರಿಸಿಯೇ ಗುರುತಿಸುತ್ತದೆ. ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳು ಮೂರು ತಲೆಮಾರಿನ, ಅಂದರೆ 75 ವರ್ಷಗಳ, ನೆಲೆಯನ್ನು ತೋರಿಸಬೇಕು. ಹೊಳೆಯ ಬದಿಯ ಗುಡಿಸಲಿನಲ್ಲಿ ಹುಟ್ಟಿದವನ ಬಳಿ 75 ವರ್ಷದ ಕಾಗದ ಇರುವುದು ಅಪರೂಪ. ಆದರೆ ಹಿರಿಯರ ಹೇಳಿಕೆಯನ್ನು ಬರೆದುಕೊಂಡು ಸಾಕ್ಷ್ಯವಾಗಿ ಕೊಡಲು ನಿಯಮಗಳಲ್ಲೇ ಅವಕಾಶವಿದೆ. ಆದ್ದರಿಂದ ಅಜ್ಜಂದಿರು ಬದುಕಿರುವಾಗಲೇ ಬರೆಸಿಕೊಳ್ಳಿ.

ಪರಿಹಾರದ ಹಣ ಸಿಗುತ್ತದೆಯೇ?

ಮಳೆಗಾಲದ ನಿಷೇಧಕ್ಕೆ ಉಳಿತಾಯ ಮತ್ತು ಪರಿಹಾರ ಯೋಜನೆ ಇದೆ. ಮೀನುಗಾರ ತಾನೂ 1,500 ರೂಪಾಯಿ ಕಟ್ಟಬೇಕು, ಕೇಂದ್ರ ಮತ್ತು ರಾಜ್ಯ ತಲಾ ಅಷ್ಟೇ ಸೇರಿಸುತ್ತವೆ. ಶಾಶ್ವತವಾಗಿ ಮುಚ್ಚಿದ ಜಾಗಕ್ಕೆ ಇಂಥ ನಿಯಮಿತ ವ್ಯವಸ್ಥೆ ಕಾಣುವುದು ಕಷ್ಟ. ಜಮೀನು ಕಳೆದುಕೊಂಡವನ ಬಳಿ ಪಹಣಿ ಇರುತ್ತದೆ. ನೀರು ಕಳೆದುಕೊಂಡವನ ಬಳಿ ಏನಿರುತ್ತದೆ?

ಪ್ರವಾಸಿಗರು ಬರುತ್ತಾರಲ್ಲ, ಮೀನು ಬಿಟ್ಟು ಆ ಕೆಲಸ ಮಾಡಬಹುದಲ್ಲವೇ?

ಕೆಲವರು ಮಾಡಿದ್ದಾರೆ. ಅದಕ್ಕೆ ಮಂಡ್ಯ ಜಿಲ್ಲೆಯದೇ ಉದಾಹರಣೆ ಕೊಡುತ್ತೇನೆ.

ಕಾವೇರಿಯ ಬಿಳಿಮೀನಿನ ಹೆಸರು ಕೇಳಿರುತ್ತೀರಿ, ಮಾಹ್ಸೀರ್ ಜಾತಿಯದು. 1946ರಲ್ಲಿ, ಬೇಟೆ ಪ್ರಾಣಿಗಳ ತೊಗಲು ತುಂಬಿಡುವ ಕಸುಬಿಗೆ ಹೆಸರಾದ ಮೈಸೂರಿನ ವಾನ್ ಇಂಗನ್ ಮನೆತನದವರೊಬ್ಬರು ಈ ಸೀಮೆಯ ಹೊಳೆಯಲ್ಲಿ ಗಾಳಕ್ಕೆ ಹಿಡಿದ ಮೀನು 120 ಪೌಂಡ್ ತೂಗಿತ್ತು. ಆ ಗಾತ್ರದ ಮೀನು ನೋಡಿದೆ ಎಂದು ಹೇಳುವವರು ಇಂದು ನಮ್ಮ ಕಡೆ ಇಲ್ಲ. ಸಿಡಿಮದ್ದು ಹಾಕಿದ್ದು, ಅಣೆಕಟ್ಟುಗಳು ಎದ್ದದ್ದು, ಬೇರೆ ಕಡೆಯಿಂದ ತಂದು ಬಿಟ್ಟ ಮಾಹ್ಸೀರ್ ಜಾತಿ ಹಬ್ಬಿದ್ದು, ಎಲ್ಲ ಸೇರಿ 2018ರಲ್ಲಿ ಬಿಳಿಮೀನು ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿತು.

ಭೀಮೇಶ್ವರಿಯ ಸುತ್ತ ಒಂದು ಕಾಲದಲ್ಲಿ ಗಾಳದ ಶಿಬಿರಗಳಿದ್ದವು. ಹೊರಗಿನಿಂದ ಬಂದವರು ಮೀನು ಹಿಡಿದು, ತೂಕ ನೋಡಿ, ಮತ್ತೆ ಹೊಳೆಗೆ ಬಿಡುತ್ತಿದ್ದರು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರೇ ಅಲ್ಲಿ ಮಾರ್ಗದರ್ಶಿಗಳೂ ಕಾವಲುಗಾರರೂ ಆದರು. ಯಾವ ಮಡುವಿನಲ್ಲಿ ಯಾವ ಹೊತ್ತಿಗೆ ಮೀನು ಏಳುತ್ತದೆ ಎಂದು ಬಲ್ಲವರು ಅವರೇ ತಾನೇ. 2010ರ ಆಸುಪಾಸಿನಲ್ಲಿ ವನ್ಯಜೀವಿಧಾಮದೊಳಗೆ ಗಾಳ ಹಾಕುವುದು ಕಾನೂನಿಗೆ ವಿರುದ್ಧ ಎಂದು ಶಿಬಿರಗಳ ಆ ಚಟುವಟಿಕೆ ನಿಂತಿತು. ಕಾನೂನಿನ ದೃಷ್ಟಿಯಿಂದ ಅದು ಸರಿಯಿರಬಹುದು. ಮೀನನ್ನು ಗಾಳಕ್ಕೆ ಸಿಕ್ಕಿಸಿ ನೋಯಿಸುವ ಆಟ ನನಗೂ ಇಷ್ಟವಿಲ್ಲ. ಆದರೆ ಹೊಳೆಯನ್ನು ರಾತ್ರಿ ಹಗಲು ನೋಡಿಕೊಳ್ಳುತ್ತಿದ್ದ ಜನರ ಸಂಬಳವೂ ಅದರ ಜೊತೆಗೇ ನಿಂತಿತು. ಅವರಿಗೆ ಬೇರೆ ದಾರಿ ತೋರಿಸಿದ ಮೇಲೆ ಅದನ್ನು ನಿಲ್ಲಿಸಬೇಕಿತ್ತು.

ಪ್ರವಾಸಿ ದೋಣಿಯ ಹುಟ್ಟು ಹಿಡಿಯುವ ಕೆಲಸ ಊರಿನ ಹತ್ತು ಜನರಿಗೆ ಸಿಗಬಹುದು, ಇನ್ನೂರು ಮನೆಗೆ ಸಿಗುವುದಿಲ್ಲ. ಹೊಳೆ ಉಕ್ಕಿದರೆ ರಂಗನತಿಟ್ಟಿನಲ್ಲೇ ದೋಣಿವಿಹಾರ ನಿಲ್ಲುತ್ತದೆ. ಕೊರೋನಾ ಕಾಲದಲ್ಲಿ ಪ್ರವಾಸಿಗರನ್ನೇ ನಂಬಿದ್ದವರ ಪಾಡನ್ನು ಮೈಸೂರಿನವರು ಕಣ್ಣಾರೆ ಕಂಡಿದ್ದಾರೆ.

ಜನರೂ ಜೀವಿಗಳೂ ಒಟ್ಟಿಗೆ ಉಳಿದ ಜಾಗ ಒಂದಾದರೂ ಇದೆಯೇ?

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ ಬನ್ನಿ. ಶಿಂಷಾ ಹೊಳೆಯ ಹತ್ತಿರದ ಊರು. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆ, ಆಲ, ಅರಳಿ ಮರಗಳ ಮೇಲೆ ಗೂಡು ಕಟ್ಟುತ್ತವೆ. ಹಿಕ್ಕೆ ಬಿದ್ದ ಮಣ್ಣು ಗದ್ದೆಗೆ ಗೊಬ್ಬರ. ಗೂಡಿರುವ ಮರದ ಹುಣಸೆ ಹಣ್ಣು ಬಡಿಯದೆ ಬಿಟ್ಟ ಮಾಲೀಕರಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಕೊಡುವ ಪದ್ಧತಿ ಬಂದಿತು. ಊರಿನ ಯುವಕರು ಹೆಜ್ಜಾರ್ಲೆ ಬಳಗ ಕಟ್ಟಿಕೊಂಡು ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿದರು. 2007ರಲ್ಲಿ ಅದನ್ನು ಸಮುದಾಯ ಮೀಸಲು ಎಂದು ಘೋಷಿಸಲಾಯಿತು. ಊರನ್ನು ಎಬ್ಬಿಸಲಿಲ್ಲ, ಬೇಲಿ ಹಾಕಲಿಲ್ಲ. ಸಮುದಾಯ ಮೀಸಲು ಎಂಬ ವರ್ಗ ವನ್ಯಜೀವಿ ಕಾಯ್ದೆಗೆ ಸೇರಿದ್ದು 2002ರ ತಿದ್ದುಪಡಿಯಲ್ಲಿ. ಅದರ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿ ಸೂಚಿಸಿದ ಪ್ರತಿನಿಧಿಗಳು ಇರಲೇಬೇಕು.

ಕಡಲಿನಲ್ಲಿ ಇದಕ್ಕೆ ಸಮನಾದದ್ದು ಫಿಲಿಪ್ಪೀನ್ಸಿನ ಆಪೊ ದ್ವೀಪ. 1982ರಲ್ಲಿ ಅಲ್ಲಿನ ಮೀನುಗಾರರೇ ತಮ್ಮ ಹವಳದಿಬ್ಬದ ಒಂದು ಸಣ್ಣ ಭಾಗವನ್ನು ಮುಚ್ಚಿದರು, ಉಳಿದ ಕಡಲಿನಲ್ಲಿ ಕೈಗಾಳ, ಸಾಧಾರಣ ಬಲೆಗಳನ್ನು ಮುಂದುವರಿಸಿದರು. ವರ್ಷಗಳು ಕಳೆದಂತೆ ಮೀನು ಹೆಚ್ಚಿತು. ಆಮೇಲೆ 1994ರಲ್ಲಿ ಅದರ ಆಡಳಿತ ರಾಷ್ಟ್ರಮಟ್ಟದ ವ್ಯವಸ್ಥೆಗೆ ಹೋಯಿತು, ಊರಿನವರ ಮಾತಿನ ತೂಕ ಇಳಿಯಿತು. ಯಶಸ್ವಿಯಾದ ಕೆಲಸವನ್ನು ಮಾಡಿದವರ ಕೈಯಿಂದ ತೆಗೆದುಕೊಳ್ಳುವ ಈ ಅಭ್ಯಾಸ ಎಲ್ಲ ದೇಶಗಳಲ್ಲೂ ಇದೆ.

ನಮ್ಮ ಕರಾವಳಿಯಲ್ಲಿ ಈಗ ಏನಾಗುತ್ತಿದೆ?

ಹೊನ್ನಾವರದ ಬಳಿ ಅಪ್ಸರಕೊಂಡ–ಮುಗಳಿಯ ಕಡಲು ಸಂರಕ್ಷಿತ ಪ್ರದೇಶವಾಗಿದೆ. ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆಗೆ 2024ರಲ್ಲಿ ರಾಮ್ಸರ್ ಮಾನ್ಯತೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎಂಬ ಮಾನ್ಯತೆ, ಬಂದಿತು. ನಮ್ಮ ರಂಗನತಿಟ್ಟಿಗೆ ಅದು 2022ರಲ್ಲೇ ಬಂದಿತ್ತು. ಅಘನಾಶಿನಿಯ ಕೆಸರಿನಲ್ಲಿ ಕೈಯಿಂದ ಚಿಪ್ಪು ಆಯ್ದು ಬದುಕುವ ಸಾವಿರಾರು ಜನರಿದ್ದಾರೆ. ಅವರಿಗೆ ಅಳಿವೆ ಉಳಿಯುವುದೇ ಬದುಕು. ಅಂಥವರನ್ನು ಸಂರಕ್ಷಣೆಯ ಎದುರಾಳಿಗಳೆಂದು ಯಾರೂ ಕರೆಯಲಾರರು. 2022ರಲ್ಲಿ ಮಾಂಟ್ರಿಯಲ್‌ನಲ್ಲಿ ಜಗತ್ತಿನ ದೇಶಗಳು 2030ರೊಳಗೆ ನೆಲ ಮತ್ತು ಕಡಲಿನ ಶೇಕಡಾ 30ನ್ನು ಸಂರಕ್ಷಿಸುವ ಗುರಿಗೆ ಒಪ್ಪಿವೆ. ಹಾಗಾಗಿ ಇಂಥ ಘೋಷಣೆಗಳು ಇನ್ನೂ ಬರುತ್ತವೆ.

ಮೀನು ಕೊಂಡು ತಿನ್ನುವ ನಾವು ಏನು ಮಾಡಬಹುದು?

ಮರಿಮೀನು ಕೊಳ್ಳಬೇಡಿ. ಕೇರಳ ಸರ್ಕಾರ ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14 ಸೆಂಟಿಮೀಟರ್ ಎಂದು ಕನಿಷ್ಠ ಉದ್ದ ಗೊತ್ತುಮಾಡಿದೆ. ಬೂತಾಯಿ ಅಂಗೈ ಅಗಲಕ್ಕಿಂತ ತುಸು ಉದ್ದ, ಬಂಗುಡೆ ಅದಕ್ಕಿಂತಲೂ ಉದ್ದ ಇರಬೇಕು ಎಂದು ನೆನಪಿಟ್ಟರೆ ಸಾಕು. ಜೂನ್, ಜುಲೈನಲ್ಲಿ ಕಡಲ ಮೀನಿಗೆ ಹಟ ಹಿಡಿಯದೆ ನಮ್ಮ ಕೆರೆಗಳ ಕಾಟ್ಲಾ, ರೋಹು ತೆಗೆದುಕೊಳ್ಳಿ. ಕೆರೆ ಗುತ್ತಿಗೆ ಹಿಡಿದ ಮೀನುಗಾರರ ಸಹಕಾರ ಸಂಘಕ್ಕೂ ನಾಲ್ಕು ಕಾಸು ಸಿಗುತ್ತದೆ.

ನಮ್ಮ ಊರಿನ ಹೊಳೆಯನ್ನು ಮೀಸಲು ಮಾಡುತ್ತಾರೆಂದು ಸುದ್ದಿ ಇದೆ. ನಾವು ಮೊದಲು ಏನು ಮಾಡಬೇಕು?

ಸುದ್ದಿ ಗಟ್ಟಿಯಾಗುವವರೆಗೆ ಕಾಯಬೇಡಿ. ನೀವು ಬಲೆ ಬಿಡುವ ಮಡುಗಳ ಹೆಸರುಗಳನ್ನು ಬರೆಯಿರಿ. ಹೊಳೆಯ ಪ್ರತಿ ತಿರುವಿಗೂ ನಮ್ಮವರಲ್ಲಿ ಒಂದು ಹೆಸರಿದೆ, ಆ ಹೆಸರುಗಳೇ ನೀವು ಅಲ್ಲಿದ್ದಿರಿ ಎಂಬುದಕ್ಕೆ ಸಾಕ್ಷಿ. ಯಾವ ತಿಂಗಳು ಯಾವ ಮೀನು, ಯಾವ ಮನೆಯವರು ಎಲ್ಲಿ ಹಿಡಿಯುತ್ತಾರೆ, ಯಾವ ಹೆಂಗಸು ಎಲ್ಲಿ ಮಾರುತ್ತಾಳೆ ಎಂದು ಬರೆಯಿರಿ. ಗಂಗಮ್ಮನ ಪೂಜೆ ನಡೆಯುವ ಜಾಗವನ್ನು ಗುರುತು ಹಾಕಿ. ಪರವಾನಗಿ, ಸಂಘದ ಸದಸ್ಯತ್ವದ ಚೀಟಿ, ಹಳೆಯ ರಸೀದಿ ಏನಿದ್ದರೂ ಒಟ್ಟು ಮಾಡಿ.

ಆಮೇಲೆ ಗ್ರಾಮಸಭೆಯಲ್ಲಿ ವಿಷಯ ಎತ್ತಿ ನಡಾವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ. ಬೇಡ ಎಂದಷ್ಟೇ ಹೇಳಿ ಬರಬೇಡಿ. ಯಾವ ಮಡುವನ್ನು ನಾವೇ ಬಿಟ್ಟುಕೊಡುತ್ತೇವೆ, ಯಾವ ತಿಂಗಳು ಬಲೆ ಎತ್ತುತ್ತೇವೆ, ಸಿಡಿಮದ್ದು, ವಿಷ ಹಾಕುವವರನ್ನು ಹೇಗೆ ತಡೆಯುತ್ತೇವೆ ಎಂದು ನಿಮ್ಮದೇ ಯೋಜನೆ ಕೊಡಿ. ಅದರ ಪಕ್ಕದಲ್ಲಿ, ಕಾಯುವ ವರ್ಷಗಳಿಗೆ ಪ್ರತಿ ಮನೆಗೆ ಏನು ಬೇಕು ಎಂಬ ಲೆಕ್ಕವನ್ನೂ ಇಡಿ. ಅರ್ಜಿಯನ್ನು ಕನ್ನಡದಲ್ಲೇ ಬರೆದು, ಎರಡು ಪ್ರತಿ ಮಾಡಿ, ಜಿಲ್ಲಾಧಿಕಾರಿ ಕಚೇರಿಯಲ್ಲಿ ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಮೊಹರು ಹಾಕಿಸಿಕೊಂಡು ಬನ್ನಿ.